ಹೊಸ್ತಿಲು ದಾಟದ ಸೂಲಗಿತ್ತಿ

"ಗುರುಗಳೇ, ಅಂಟುಜಡ್ಡಿನ ಕಾಲ ಮುಗಿದು ಮಠದ ಬಾಗಿಲು ತೆರೆದು ಆರು ತಿಂಗಳಾಯಿತು. ನನಗೆ ಮಾತ್ರ ಹೊರಗೆ ಹೋಗಬೇಕೆಂದು ಅನಿಸುತ್ತಲೇ ಇಲ್ಲ. ಮೊದಲು ಊರೂರು ತಿರುಗುತ್ತಿದ್ದವನು ನಾನು. ಈಗ ಜನರ ನೆನಪೂ ಬರುವುದಿಲ್ಲ. ಇದು ವೈರಾಗ್ಯವಲ್ಲವೇ?" ಎಂದು ಶಿಷ್ಯ ಮುರಿಗೆಯ್ಯ ಕೇಳಿದ.

"ಯಾರಾದರೂ ಕರೆದಿದ್ದಾರೆಯೇ?" ಎಂದರು ಗುರುಗಳು.

"ಕೆಳಗಿನ ಹಳ್ಳಿಯವರು ಎರಡು ಸಲ ಹೇಳಿ ಕಳಿಸಿದ್ದಾರೆ. ನೋಡೋಣ ಎಂದಿದ್ದೇನೆ."

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಪಾರವ್ವ ಎಂಬ ಸೂಲಗಿತ್ತಿಯಿದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಸ್ವಂತ ಮಕ್ಕಳಿರಲಿಲ್ಲ. ಆದರೆ ಊರಿನ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಂದವರು. ಕರೆ ಬಂದರೆ ಅವಳು ಒಲ್ಲೆ ಎಂದವಳಲ್ಲ. ಉಣ್ಣುತ್ತಿದ್ದರೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಏಳುತ್ತಿದ್ದಳು. ಹಳೆಯ ಬಟ್ಟೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು, ಹರಳೆಣ್ಣೆಯ ಕುಡಿಕೆ ಹಿಡಿದು ಬಿರಬಿರನೆ ನಡೆದಳೆಂದರೆ ಓಣಿಯ ಜನ "ಯಾರ ಮನೆಗೆ ಪಾರವ್ವಾ?" ಎನ್ನುತ್ತ ದಾರಿ ಬಿಡುತ್ತಿದ್ದರು.

ಒಮ್ಮೆ ಒಂದು ಮನೆಯಲ್ಲಿ ಹೆತ್ತ ತಾಯಿ ಉಳಿಯಲಿಲ್ಲ. ಹೆಣ್ಣು ಕೂಸು, ಅದನ್ನು ಸಾಕಲು ಯಾರೂ ಮುಂದೆ ಬರಲಿಲ್ಲ. ಪಾರವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಸಾವಂತ್ರಿ ಎಂದು ಹೆಸರಿಟ್ಟು, ಆಡಿನ ಹಾಲು ಕುಡಿಸಿ ಬೆಳೆಸಿದಳು. ಹುಡುಗಿ ಅವಳನ್ನೇ ಅವ್ವ ಎಂದಳು. ವಯಸ್ಸಿಗೆ ಬಂದ ಮೇಲೆ ಅದೇ ಊರಿನ ಕುಂಬಾರನೊಬ್ಬನಿಗೆ ಕೊಟ್ಟು ಮದುವೆ ಮಾಡಿದಳು. ಕುಂಬಾರರ ಓಣಿ ಊರಿನ ಇನ್ನೊಂದು ತುದಿಗಿತ್ತು. ದೂರವೆಂದು ಪಾರವ್ವನಿಗೆ ಯಾವತ್ತೂ ಅನಿಸಲಿಲ್ಲ. ಎರಡು ದಿನಕ್ಕೊಮ್ಮೆ ಹೋಗಿ ಮಗಳ ಮುಖ ನೋಡಿ ಬರುತ್ತಿದ್ದಳು.

ಹೀಗಿರುವಾಗ ಊರಿಗೆ ಜಡ್ಡು ಬಂತು. ಒಬ್ಬರಿಂದೊಬ್ಬರಿಗೆ ಅಂಟುವ ಜಡ್ಡು. ಯಾರೂ ಹೊಸ್ತಿಲು ದಾಟಬಾರದೆಂದು ಊರ ಹಿರಿಯರು ಡಂಗುರ ಸಾರಿಸಿದರು. ಓಣಿಗೊಬ್ಬ ಕಾವಲಿನವನು ನಿಂತ. ಕಾಳು, ನೀರು ಬಾಗಿಲ ಮುಂದೆ ಬಂದು ಬೀಳುತ್ತಿದ್ದವು.

ಮೊದಲ ತಿಂಗಳು ಪಾರವ್ವ ಬೆಳಗಾದರೆ ಬಾಗಿಲ ಸಂದಿಗೆ ಕಣ್ಣಿಟ್ಟು ನಿಲ್ಲುತ್ತಿದ್ದಳು. ಒಂದು ದಿನ ನಾಲ್ಕನೆಯ ಮನೆಯಿಂದ ಹೆಂಗಸೊಬ್ಬಳು ಹೆರಿಗೆಯ ಬೇನೆ ತಿನ್ನುವ ದನಿ ಕೇಳಿತು. ಪಾರವ್ವ ಗಂಟು ಹಿಡಿದು ಓಡಿ ಬಂದಳು. ಕಾವಲಿನ ಹುಡುಗ ಕೋಲು ಅಡ್ಡ ಹಿಡಿದ.

"ಬಿಡಪ್ಪಾ. ನೀನೂ ನನ್ನ ಕೈಯಲ್ಲೇ ಹುಟ್ಟಿದವನು."

"ಗೊತ್ತು ಅವ್ವಾ. ನಾಳೆ ನೀನೇ ಹೋದರೆ ಊರಿಗೆ ಯಾರಿದ್ದಾರೆ? ಒಳಗೆ ನಡಿ" ಎಂದ ಅವನು. ಅವನ ಕಣ್ಣಲ್ಲಿ ನೀರಿತ್ತು.

ಅವಳು ಒಳಗೆ ಬಂದು ಗೋಡೆಗೆ ಕಿವಿ ಹಚ್ಚಿ ಕೂತಳು. ಬಹಳ ಹೊತ್ತಿನ ಮೇಲೆ ಕೂಸು ಅತ್ತಿತು. ಅವಳೂ ಅತ್ತಳು.

ತಿಂಗಳು ಕಳೆದವು. ಎರಡನೆಯ ಸಲ ಅಂಥ ದನಿ ಕೇಳಿದಾಗ ಅವಳು ಎದ್ದು ಬಾಗಿಲವರೆಗೆ ಬಂದು ನಿಂತಳು. ಮೂರನೆಯ ಸಲ ಕೂತಲ್ಲೇ ಕೇಳಿದಳು. ಆಮೇಲೆ ಮಧ್ಯಾಹ್ನ ಮಲಗುವುದು ರೂಢಿಯಾಯಿತು. ಜನ್ಮದಲ್ಲಿ ಅವಳು ಮಧ್ಯಾಹ್ನ ಮಲಗಿದವಳಲ್ಲ. ಹರಿದ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯತೊಡಗಿದಳು. ಅದೇ ಒಂದು ಕೆಲಸವಾಯಿತು. ಬಾಗಿಲ ಸಂದಿ ಬಿಟ್ಟು ಹಿತ್ತಲಿನ ಕಡೆಗೆ ಮುಖ ಮಾಡಿ ಕೂರುವುದು ಹಿತವೆನಿಸಿತು. ಯಾರೂ ಕರೆಯುವುದಿಲ್ಲ, ಯಾರ ನೋವನ್ನೂ ನೋಡಬೇಕಿಲ್ಲ. ಇಷ್ಟು ವರ್ಷ ಓಡಾಡಿ ದಣಿದಿದ್ದೇನೆ, ದೇವರು ವಿಶ್ರಾಂತಿ ಕೊಟ್ಟಿದ್ದಾನೆ ಎಂದುಕೊಂಡಳು.

ಎರಡನೆಯ ಬೇಸಿಗೆಯಲ್ಲಿ ಜಡ್ಡು ಹೋಯಿತು. ಮತ್ತೆ ಡಂಗುರ ಹೊಡೆದರು. ಜನ ಬೀದಿಗೆ ನುಗ್ಗಿ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಪಾರವ್ವ ಹೊಸ್ತಿಲ ಮೇಲೆ ನಿಂತು ನೋಡಿದಳು. ಬಿಸಿಲು ಕಣ್ಣಿಗೆ ಚುಚ್ಚಿತು. ಅಷ್ಟು ಜನ, ಅಷ್ಟು ಗದ್ದಲ. ನಾಳೆ ಹೋದರಾಯಿತು ಎಂದು ಒಳಗೆ ಬಂದಳು.

ಆ ನಾಳೆ ಬರಲಿಲ್ಲ. ಕರೆಯಲು ಬಂದವರಿಗೆ ಮೊಣಕಾಲು ನೋವು ಎಂದಳು. ಅದು ಸುಳ್ಳಲ್ಲ. ಯಾರಾದರೂ ಕರೆದ ಕೂಡಲೇ ಅವಳ ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು. ಜನ ಮರುಗಿದರು, ಬೇರೆ ಯಾರನ್ನೋ ನೋಡಿಕೊಂಡರು. ಸಾವಂತ್ರಿ ಆಗ ತುಂಬಿದ ಬಸುರಿ. ನಡೆಯಬಾರದೆಂದು ಮನೆಯವರು ತಡೆದಿದ್ದರು. "ಅವ್ವಾ, ನಿನ್ನ ನೋಡಬೇಕು ಅನಿಸಿದೆ, ಬಾ" ಎಂದು ಗಂಡನ ಕೈಯಲ್ಲಿ ಹೇಳಿ ಕಳಿಸುತ್ತಿದ್ದಳು. ಪಾರವ್ವ ಪ್ರತಿ ಸಲವೂ "ನಾಳೆ ಬರುತ್ತೇನೆಂದು ಹೇಳು" ಎನ್ನುತ್ತಿದ್ದಳು. ಮಗಳಿಗೆಂದು ಮೆಂತ್ಯದ ಉಂಡೆ ಕಟ್ಟಿ ಅವನ ಕೈಗೆ ಕೊಡುತ್ತಿದ್ದಳು. ಪ್ರೀತಿಗೇನೂ ಕೊರತೆಯಿರಲಿಲ್ಲ.

ಒಂದು ಬೆಳಿಗ್ಗೆ ಕುಂಬಾರ ಏದುಸಿರು ಬಿಡುತ್ತ ಬಂದ.

"ಅತ್ತೇ, ಸಾವಂತ್ರಿಗೆ ಬೇನೆ ಶುರುವಾಗಿದೆ. ಬೇಗ ಬನ್ನಿ."

"ನೀನು ನಡಿ. ನಾನು ಹಿಂದೆಯೇ ಬಂದೆ" ಎಂದಳು ಪಾರವ್ವ.

ಅವನು ಓಡಿದ. ಅವಳು ಗಂಟು ಕಟ್ಟಿದಳು. ಕುಡಿಕೆಗೆ ಎಣ್ಣೆ ಸುರಿದಳು. ಹೊಸ್ತಿಲಿಗೆ ಬಂದಳು. ಎದೆ ಡವಡವ ಎನ್ನತೊಡಗಿತು. ಉಸಿರು ಕಟ್ಟಿದಂತಾಯಿತು. ಚೊಚ್ಚಲು ಹೆರಿಗೆ, ಸಂಜೆಯವರೆಗೆ ಹೊತ್ತಿದೆ, ಸ್ವಲ್ಪ ಸುಧಾರಿಸಿಕೊಂಡು ಹೊರಡುತ್ತೇನೆ ಎಂದು ಕೂತಳು. ಮೂರು ಸಲ ಎದ್ದಳು. ಮೂರು ಸಲ ಕೂತಳು.

ಮಧ್ಯಾಹ್ನ ಕುಂಬಾರರ ಓಣಿಯ ಹೆಂಗಸೊಬ್ಬಳು ಬಂದಳು. "ಪಾರವ್ವಾ, ಕೂಸು ಬರುತ್ತಿಲ್ಲ. ನಿನ್ನ ಮಗಳು ಅವ್ವ ಬಂದಳೇ, ಅವ್ವ ಬಂದಳೇ ಎಂದು ಒಂದೇ ಸಮನೆ ಕೇಳುತ್ತಿದ್ದಾಳೆ" ಎಂದಳು. ಪಾರವ್ವ ಎಣ್ಣೆಯ ಕುಡಿಕೆಯನ್ನು ಅವಳ ಕೈಗಿಟ್ಟಳು. ಹೇಗೆ ತಿಕ್ಕಬೇಕು, ಹೇಗೆ ಕೂರಿಸಬೇಕು, ತಲೆ ಕಂಡಾಗ ಏನು ಮಾಡಬೇಕು ಎಂದು ಒಂದೊಂದಾಗಿ ಬಿಡಿಸಿ ಹೇಳಿದಳು. ಹೆಂಗಸು ಅವಳ ಮುಖವನ್ನೇ ನೋಡುತ್ತ ಕೇಳಿಸಿಕೊಂಡು ಹೋದಳು.

ಹೊತ್ತು ಮುಳುಗುವಾಗ ಕುಂಬಾರ ಮತ್ತೆ ಬಂದ. ಅಂಗಳದಲ್ಲೇ ನಿಂತ.

"ಗಂಡು ಕೂಸು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತಂತೆ. ಅಳಲಿಲ್ಲ. ಸಾವಂತ್ರಿ ಇದ್ದಾಳೆ" ಎಂದ. ಎಣ್ಣೆಯ ಕುಡಿಕೆಯನ್ನು ಮೆಟ್ಟಿಲ ಮೇಲಿಟ್ಟು ಹೋದ.

ಪಾರವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು. ಅಂಥ ಬಳ್ಳಿಯನ್ನು ಎಷ್ಟೋ ಕೂಸುಗಳ ಕೊರಳಿಂದ ಬಿಡಿಸಿದ ಬೆರಳುಗಳು ಅವು. ಬಹಳ ಕೂಸುಗಳು ಉಳಿದಿದ್ದವು. ಕೆಲವು ಉಳಿದಿರಲಿಲ್ಲ.

ಒಂದು ತಿಂಗಳಾದ ಮೇಲೆ ಸಾವಂತ್ರಿ ತಾನೇ ಬಂದಳು. ಹಸಿ ಮೈ, ತಲೆಗೆ ಬಟ್ಟೆ ಕಟ್ಟಿಕೊಂಡು, ಗೋಡೆ ಹಿಡಿದು ಹಿಡಿದು ಊರನ್ನು ದಾಟಿ ಬಂದಿದ್ದಳು. ಮಗಳು ಬೈದರೆ ಸಾಕೆಂದು ಪಾರವ್ವ ಕಾದಳು.

"ಅವ್ವಾ, ನಿನಗೇ ಏನೋ ಆಗಿರಬೇಕು ಅಂದುಕೊಂಡೆ. ಅದಕ್ಕೇ ನೋಡಿ ಹೋಗೋಣ ಎಂದು ಬಂದೆ" ಎಂದಳು ಸಾವಂತ್ರಿ. ತಾಯಿಯನ್ನು ತಲೆಯಿಂದ ಕಾಲವರೆಗೆ ನೋಡಿದಳು. "ಆರಾಮಾಗಿದ್ದೀಯಲ್ಲ. ಸಾಕು."

ಒಂದು ಲೋಟ ನೀರನ್ನೂ ಮುಟ್ಟದೆ ಅವಳು ಎದ್ದು ನಡೆದಳು. ಬಾಣಂತಿ ಒಬ್ಬಳೇ ಹೋಗುತ್ತಿದ್ದಾಳೆ, ತೋಳು ಹಿಡಿದು ಬಿಟ್ಟು ಬರಬೇಕು ಎಂದು ಪಾರವ್ವ ಹೊರಟಳು. ಹೊಸ್ತಿಲು ದಾಟಿದಳು, ಮೆಟ್ಟಿಲೂ ಇಳಿದಳು. ಓಣಿಯಲ್ಲಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾಲು ನಡುಗಿ ಯಾರದೋ ಕಟ್ಟೆಯ ಮೇಲೆ ಕುಸಿದಳು. ಮಗಳು ಅಷ್ಟರಲ್ಲಿ ತಿರುವು ದಾಟಿಯಾಗಿತ್ತು.

ಮರುದಿನ ಅವಳು ಆ ಕಟ್ಟೆಯವರೆಗೆ ಮತ್ತೆ ಹೋದಳು. ಹದಿನೈದು ದಿನಕ್ಕೆ ಬಾವಿಯವರೆಗೆ ಹೋದಳು. ಕೆಲವು ದಿನ ಬಾಗಿಲಲ್ಲೇ ಸೋತು ತಿರುಗಿದಳು. ಚಳಿಗಾಲ ಬರುವ ಹೊತ್ತಿಗೆ ಪೇಟೆ ದಾಟಿದಳು. ಕುಂಬಾರರ ಓಣಿ ಮುಟ್ಟಲು ಅವಳಿಗೆ ಒಂದು ವರ್ಷ ಹಿಡಿಯಿತು. ಹಿಂದೆ ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟರಲ್ಲಿ ಮುಟ್ಟುತ್ತಿದ್ದ ದಾರಿ ಅದು.

ಸಾವಂತ್ರಿ ಮತ್ತೆ ಬಸುರಿಯಾಗಿದ್ದಳು. ಚಾಪೆ ಹಾಸಿದಳು. ಅಂಬಲಿಗೆ ಮಜ್ಜಿಗೆ ಬೆರೆಸಿ ತಂದು ಮುಂದಿಟ್ಟಳು.

"ಇಷ್ಟು ದೂರ ಯಾಕೆ ನಡೆದು ಬಂದಿರಿ ನೀವು" ಎಂದಳು.

ಹುಟ್ಟಿದಾಗಿನಿಂದ ನೀನು ಎಂದ ಬಾಯಿ ಅದು. ಪಾರವ್ವ ಕೈಗೆತ್ತಿಕೊಂಡ ಬಟ್ಟಲನ್ನು ಕೆಳಗಿಟ್ಟಳು.

"ಈ ಸಲ ನಾನು ಬರುತ್ತೇನೆ. ಇಲ್ಲೇ ಬಂದು ಇರುತ್ತೇನೆ" ಎಂದಳು.

"ನಿಮಗೇಕೆ ತೊಂದರೆ ಎಂದು ಪಕ್ಕದೂರಿನವಳಿಗೆ ಹೇಳಿಯಾಗಿದೆ" ಎಂದಳು ಸಾವಂತ್ರಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿಯಲ್ಲಿ ಸಿಕ್ಕ ಹಿರಿಯರೊಡನೆ ಆಡುವ ದನಿ ಅದು.

ಪಾರವ್ವ ಅಂಬಲಿಯನ್ನು ಪೂರ್ತಿ ಕುಡಿದಳು. ಬಟ್ಟಲು ತೊಳೆದಿಟ್ಟು ಎದ್ದಳು. ಬಿಸಿಲು ಇನ್ನೂ ಇತ್ತು. ಆಮೇಲೆ ಅವಳು ಸಾಯುವವರೆಗೂ ಊರಲ್ಲಿ ಯಾರು ಕರೆದರೂ ಹೋದಳು. ಅವಳನ್ನು ಕರೆಯುವವರು ಮಾತ್ರ ಕಡಿಮೆಯಾಗಿದ್ದರು.

ಕತೆ ಮುಗಿಯಿತು. ಮುರಿಗೆಯ್ಯ ಕೇಳಿದ:

"ಗುರುಗಳೇ, ಆ ದಿನ ಅವಳು ಹೋಗಿದ್ದರೆ ಕೂಸು ಉಳಿಯುತ್ತಿತ್ತೇ?"

"ಮನೆಯಲ್ಲೇ ಕೂತವರಿಗೆ ಅದು ಎಂದಿಗೂ ಗೊತ್ತಾಗುವುದಿಲ್ಲ, ಮಗೂ" ಎಂದರು ಗುರುಗಳು.