ಕೆಂದಿಯ ಕೆಂಪು

ಒಂದಾನೊಂದು ಊರಿನಲ್ಲಿ... ಎಲ್ಲಿ ಅಂತ ಕೇಳಬೇಡ್ರಪ್ಪ, ದನಗಳು ಮೇಯ್ತಾ ಮೇಯ್ತಾ ಆ ಊರನ್ನೇ ದಿನಾ ಒಂಚೂರು ಆಚೆ ತಳ್ಕೊಂಡು ಹೋಗ್ತಿದ್ದವು. ಅಲ್ಲಿ ಕರಿರಾಯ ಅಂತ ಒಬ್ಬ ರಾಜ. ಅವನಿಗೆ ಕಪ್ಪು ದನದ ಹುಚ್ಚು. ಕೊಂಬು ಕಪ್ಪು, ಬಾಲ ಕಪ್ಪು, ಸಗಣೀನೂ ಕಪ್ಪಾಗೇ ಇರಬೇಕು. ತನ್ನ ತಲೆಗೂ ದಿನಾ ಬೆಳಗ್ಗೆ ಮಸಿ ತಿಕ್ಕಿಕೊಳ್ತಿದ್ದ. ಯಾಕೆ ಅಂತ ಕೇಳೋ ಧೈರ್ಯ ಯಾರಿಗಿತ್ತು?

ಕೆಂಪು ದನಗಳನ್ನೆಲ್ಲ ಅವನು ಹೊಳೆ ದಾಟಿಸಿಬಿಟ್ಟಿದ್ದ. ಹಾಗೆ ಹೋದವರಲ್ಲಿ ಕೆಂದಿ ಅನ್ನೋ ಹಸುವೂ ಒಬ್ಬಳು. ದನ ಕಾಯೋ ಬೊಮ್ಮಕ್ಕನಿಗೆ ಕೆಂದಿ ಅಂದ್ರೆ ಪ್ರಾಣ. ಆಚೆ ದಡದಲ್ಲೇ ಕೆಂದಿ ಸತ್ತಳು ಅಂತ ಕೇಳಿ, ಪಾಪ, ಊಟ ನೀರು ಬಿಟ್ಟಿದ್ದಳು. ಕೆಂದಿಯ ಮಗಳ ಹೆಸರು ಕಾಡಿಗೆ. ಅವಳು ಮಾತ್ರ ಅಪ್ಪನ ಹಾಗೆ ಕಪ್ಪು. ಅದಕ್ಕೇ ಉಳಿದಿದ್ದಳು.

ಒಂದು ಬೆಳಗ್ಗೆ ಕಾಡಿಗೆ ಕರು ಹಾಕಿದಳು. ಅಪ್ಪ ಹೋರಿ ಕಪ್ಪು, ಅಮ್ಮ ಕಪ್ಪು, ಕರು ನೋಡಿದ್ರೆ ಕೆಂಪೋ ಕೆಂಪು!

"ಅಯ್ಯೋ ನನ್ನವ್ವಾ, ಬಂದ್ಯಾ!" ಅಂತ ಬೊಮ್ಮಕ್ಕ ತಬ್ಬಿಕೊಂಡು ಅತ್ತಳು.

ಹುಟ್ಟಿದ ಕರುವನ್ನ ರಾಜನ ಮುಂದೆ ನಿಲ್ಲಿಸಿ, ಬಣ್ಣ ಯಾರದು ಅಂತ ಕೂಗಿ ಹೇಳೋದು ಆ ಊರಿನ ಪದ್ಧತಿ. ಬೊಮ್ಮಕ್ಕ ಕೂಗಿದಳು, "ಅಜ್ಜಿ ಕೆಂದಿಯ ಬಣ್ಣ, ಬುದ್ಧೀ!"

"ಅವಳನ್ನ ಹೊಳೆ ದಾಟಿಸಿದ್ನಲ್ಲೇ! ಬಣ್ಣ ಹೆಂಗೆ ಉಳೀತು?" ಅಂತ ರಾಜ ಗುಡುಗಿದ.

ಕರುವಿನ ಮೈಮೇಲಿದ್ದ ಕೆಂಪು ಆಕಳಿಸಿತು. "ನಾನು ಕಾಡಿಗೆಯೊಳಗೆ ಮಲಗಿದ್ದೆ. ಹೋರಿಯೊಳಗೂ ನಮ್ಮೋನೊಬ್ಬ ಮಲಗಿದ್ದ. ಇಬ್ಬರೂ ಸೇರಿದ್ವಿ, ಎಚ್ಚರ ಆಯ್ತು."

"ಎಲ್ಲರೂ ಕೇಳ್ರೋ! ಹಿಂದಿನವರದ್ದು ಯಾರ ಹತ್ರ ಏನಿದ್ರೂ ವಾಪಸ್ ಹೋಗಬೇಕು. ಹೋಗದಿದ್ರೆ ಕರು ಹೊಳೆಯಾಚೆ!" ಅಂತ ರಾಜ ಆಜ್ಞೆ ಕೂಗಿದ.

ಆಜ್ಞೆ ಅಂದ್ಮೇಲೆ ಆಜ್ಞೆ. ಮೊದಲು ರಾಜನ ಮೂಗೇ ಎದ್ದಿತು. "ನಾನು ತಾತಂದು, ಬರ್ತೀನಿ" ಅಂತ ಹೊರಟಿತು. ಕಿವಿಗಳು "ನಾವು ಸೋದರಮಾವನವು" ಅಂತ ಹಿಂದೆ ಹೋದವು. ದನಿ ಅಪ್ಪಂದು, ಹೋಯ್ತು. ಗುಂಗುರು ಕೂದಲು ಅಜ್ಜೀದು, ಅದೂ ಹೋಯ್ತು. ಕೈ, ಕಾಲು, ಹೊಟ್ಟೆ, ಒಂದೊಂದು ಒಬ್ಬೊಬ್ಬರದು, ಅವೂ ಹೋದವು. ಎಲ್ಲ ಸಾಲಾಗಿ, ಮಂಜಿನಲ್ಲಿ ದನ ನಡೆದ ಹಾಗೆ, ಮೆಲ್ಲಗೆ ಹೊಳೆಗೆ ಇಳಿದವು. ಸಿಂಹಾಸನದ ಮೇಲೆ ಕಿರೀಟ ಒಂದೇ ಉಳೀತು. ಅದೂ ಮುತ್ತಾತಂದೇ, ಆದರೆ ಅದಕ್ಕೆ ಕಾಲಿರಲಿಲ್ಲ.

ಕೊನೆಗೆ ಕರುವಿನ ಕೆಂಪೂ ಮೈ ಮುರಿಯಿತು. "ಬೊಮ್ಮಕ್ಕ, ನಾನೂ ಹೊರಡ್ಲಾ?"

ಬೊಮ್ಮಕ್ಕ ಕರುವಿನ ಕುತ್ತಿಗೆ ಬಿಡದೆ ಕಿರೀಟಕ್ಕೆ ಹೇಳಿದಳು, "ಬುದ್ಧೀ, ಆಜ್ಞೆ ವಾಪಸ್ ತಗೊಳ್ಳಿ. ಒಪ್ಪಿಗೆ ಇದ್ರೆ ಅಲ್ಲಾಡಿ."

ಕಿರೀಟ ಎಷ್ಟು ಜೋರಾಗಿ ಅಲ್ಲಾಡಿತು ಅಂದ್ರೆ, ದಬಕ್ಕನೆ ಕೆಳಗೆ ಬಿತ್ತು!

ಹೋದದ್ದೆಲ್ಲ ತಿರುಗಿ ಬಂತು. ಮೂಗು ಬಂತು, ಕಿವಿ ಬಂದವು, ದನಿ ಬಂತು. ಕೂದಲು ಮಾತ್ರ ಹೊಳೆಯಲ್ಲಿ ಮಸಿ ತೊಳೆದುಹೋಗಿ, ಕೆಂಪಗೆ ಬಂತು. ಕರುವಿನ ಮೈಯಷ್ಟೇ ಕೆಂಪು.

ರಾಜ ಮುಟ್ಟಿ ನೋಡಿಕೊಂಡ. ಕರುವನ್ನೂ ಮುಟ್ಟಿ ನೋಡಿದ. "ನಮ್ಮಜ್ಜಿ ಹಿಂಗೇ ಇದ್ಲು ಕಣೇ, ಬೊಮ್ಮಕ್ಕ" ಅಂದ. ಅವನ ಕಣ್ಣು ತುಂಬಿತ್ತು. ಆ ಕಣ್ಣು ಯಾರದೋ, ನನಗೆ ಗೊತ್ತಿಲ್ಲ.

ನೀತಿ ಬೇಕಾ? ಮೂಗು ಮುಟ್ಟಿ ನೋಡ್ಕೊಳ್ಳಿ. ಇದೆಯಲ್ಲ? ಹಾಗಾದ್ರೆ ನಿಮ್ಮೊಳಗೆ ಇನ್ನೂ ಯಾರ್ಯಾರೋ ಮಲಗಿದ್ದಾರೆ. ಗದ್ದಲ ಮಾಡದೆ ನೀವೂ ಮಲಗಿ.