ಸೋಮವಾರದ ಎಲೆ

“ಗುರುಗಳೇ, ಮಾರುಕಟ್ಟೆ ಕುಸಿದಾಗ ಮೊದಲ ಕತ್ತರಿ ನಮ್ಮ ಫೆಲೋಶಿಪ್ಪಿಗೇ ಯಾಕೆ? ಕಾಲ ಸುಧಾರಿಸುವವರೆಗೆ ಓದು ಬಿಟ್ಟು ಎಲ್ಲಾದರೂ ಕೆಲಸಕ್ಕೆ ಸೇರಿಕೊಳ್ಳಲೇ?” ಎಂದು ನೀಲಾಂಬಿಕಾ ಕೇಳಿದಳು. ಅವಳ ಪಿಎಚ್‌ಡಿ ಪ್ರಬಂಧ ಮುಗಿಯಲು ಇನ್ನೊಂದು ವರ್ಷ ಬೇಕಿತ್ತು.

ಗುರುಗಳು ಅವಳನ್ನು ಕೂರಿಸಿ ಈ ಕತೆ ಹೇಳಿದರು.

ಹತ್ತಿ ವ್ಯಾಪಾರದ ಒಂದು ಊರು. ಅಲ್ಲೊಬ್ಬರು ಪಂಡಿತರು ವೈದ್ಯವಿದ್ಯೆ ಕಲಿಸುತ್ತಿದ್ದರು. ಅವರ ಬಳಿ ಓದುತ್ತಿದ್ದ ಬಡ ವಿದ್ಯಾರ್ಥಿಯೊಬ್ಬನಿಗೆ ವಾರಾನ್ನವೇ ಗತಿ. ದಿನಕ್ಕೊಂದು ಮನೆಯಂತೆ ಏಳು ಮನೆಗಳಲ್ಲಿ ಊಟ. ಸೋಮವಾರ ಊರಿನ ದೊಡ್ಡ ವರ್ತಕನ ಮನೆ.

ಒಂದು ವರ್ಷ ಹತ್ತಿ ಕೇಳುವವರೇ ಇಲ್ಲದಾಯಿತು. ವರ್ತಕ ಖರ್ಚು ತಗ್ಗಿಸಲು ಯೋಚಿಸಿದ. ಕುದುರೆಗಾಡಿ ಮಾರಿದರೆ ಜನ ಆಡಿಕೊಳ್ಳುತ್ತಾರೆ. ಮಗಳ ಮದುವೆ ಸಣ್ಣದಾಗಿ ಮಾಡಿದರೆ ಬೀಗರು ಮುಖ ತಿರುಗಿಸುತ್ತಾರೆ. ವಿದ್ಯಾರ್ಥಿಯ ಎಲೆ ತೆಗೆದರೆ ಯಾರೂ ಏನೂ ಅನ್ನುವುದಿಲ್ಲ. “ಮುಂದಿನ ವಾರದಿಂದ ಬರಬೇಡಪ್ಪ” ಎಂದುಬಿಟ್ಟ. ದೊಡ್ಡ ಮನೆಯವರೇ ನಿಲ್ಲಿಸಿದರಲ್ಲ ಎಂದು ಉಳಿದ ಆರು ಮನೆಯವರೂ ನಿಲ್ಲಿಸಿದರು. ಅನ್ನಕ್ಕೆ ತತ್ವಾರವಿದ್ದದ್ದು ಅವರಲ್ಲಿ ಒಂದೆರಡು ಮನೆಗೆ ಮಾತ್ರ.

ವಿದ್ಯಾರ್ಥಿ ಅರೆಹೊಟ್ಟೆಯಲ್ಲಿ ಒಂದು ತಿಂಗಳು ಓದಿದ. ಆಮೇಲೆ ಪುಸ್ತಕ ಕಟ್ಟಿಟ್ಟು, ಕಾಲ ಸುಧಾರಿಸಿದ ಮೇಲೆ ಬರುತ್ತೇನೆಂದು ಪಂಡಿತರಿಗೆ ನಮಸ್ಕರಿಸಿ, ಪಕ್ಕದೂರಿಗೆ ಮೂಟೆ ಹೊರಲು ಹೋದ.

ಕಾಲ ಸುಧಾರಿಸಿತು, ಆದರೆ ಅದಕ್ಕೆ ಐದು ವರ್ಷ ಹಿಡಿಯಿತು. ಅವನು ತಿರುಗಿ ಬರುವಷ್ಟರಲ್ಲಿ ಪಂಡಿತರು ತೀರಿಕೊಂಡಿದ್ದರು. ಅದೇ ವರ್ತಕನ ಮಳಿಗೆಯಲ್ಲಿ ಹಮಾಲನಾಗಿ ನಿಂತ.

ಒಂದು ದಿನ ವರ್ತಕನ ಮೊಮ್ಮಗನಿಗೆ ಇದ್ದಕ್ಕಿದ್ದಂತೆ ಮೈ ಸೆಟೆಯಿತು. ಊರಲ್ಲಿ ವೈದ್ಯರಿರಲಿಲ್ಲ. ಹಮಾಲ ಮೂಟೆ ಎಸೆದು ಓಡಿಬಂದು ಮಗುವಿನ ನಾಡಿ ಹಿಡಿದ. ಕಾಯಿಲೆ ಇಂಥದ್ದೆಂದು ಸರಿಯಾಗಿ ಹೇಳಿದ. ವರ್ತಕ ಅವನ ಕಾಲು ಹಿಡಿದುಕೊಂಡ. “ಮದ್ದು ಯಾವುದು ಹೇಳಪ್ಪಾ!”

“ಮದ್ದಿನ ಪಾಠ ಮರುವರ್ಷಕ್ಕಿತ್ತು, ಯಜಮಾನರೇ” ಎಂದು ಹಮಾಲ ಅತ್ತುಬಿಟ್ಟ.

ಮಗು ಉಳಿಯಲಿಲ್ಲ.

ನೀಲಾಂಬಿಕಾಗೆ ಸಂಕಟವೂ ಸಿಟ್ಟೂ ಒಟ್ಟಿಗೆ ಬಂದವು. “ತಪ್ಪೆಲ್ಲ ಆ ವರ್ತಕನದೇ, ಅಲ್ಲವೇ ಗುರುಗಳೇ?” ಎಂದಳು.

“ಅವನನ್ನು ಬಯ್ಯಲು ಆಯುಷ್ಯವೆಲ್ಲ ಇದೆಯಮ್ಮ, ಈ ಸೋಮವಾರದಿಂದ ನಮ್ಮ ಮನೆಗೆ ಊಟಕ್ಕೆ ಬಾ, ಬರುವಾಗ ನಾಲ್ಕನೇ ಅಧ್ಯಾಯ ಮುಗಿಸಿಕೊಂಡು ಬಾ.”