ಬಾಲಕ್ಕೆ ಕಟ್ಟಿದ ಕೆಂಪು ಬಟ್ಟೆ

"ಗುರುಗಳೇ, ನೀವು ಕಂಡು ಕೇಳಿದವರಲ್ಲಿ ಎಲ್ಲರಿಗಿಂತ ದೊಡ್ಡ ಶೂರ ಯಾರು?" ಎಂದು ನಿಜಗುಣನೆಂಬ ಶಿಷ್ಯ ಕೇಳಿದ.

ಹಿಂದಿನ ದಿನ ಲಾವಣಿ ಹಾಡುವವರು ಮಠಕ್ಕೆ ಬಂದು ಹೋಗಿದ್ದರು. ಅವರ ಹಾಡಿನಲ್ಲಿ ಕತ್ತಿ ಇತ್ತು, ಕೋಟೆ ಇತ್ತು, ಒಬ್ಬನೇ ನಿಂತು ದಂಡನ್ನೇ ಕೆಡವಿದ ವೀರನಿದ್ದ. ಶಿಷ್ಯನಿಗೆ ಅಂದಿನಿಂದ ಅದೇ ಗುಂಗು.

ಗುರುಗಳು ನಕ್ಕರು. "ನಿನಗೆ ಮೀಸೆ ಇರುವ ಶೂರನೇ ಬೇಕೋ, ಇಲ್ಲದವನಾದರೂ ನಡೆದೀತೋ?"

"ಯಾರಾದರೂ ಸರಿ. ಶೂರನಾಗಿದ್ದರೆ ಸಾಕು."

"ಹಾಗಾದರೆ ಕೂತುಕೋ," ಎಂದು ಗುರುಗಳು ಹೇಳತೊಡಗಿದರು.

ಒಂದು ಬಯಲುಸೀಮೆಯಲ್ಲಿ ಒಬ್ಬ ಸವಾರನಿದ್ದ. ಅವನಿಗೆ ಒಂದಿಷ್ಟು ಹೊಲ, ಒಂದು ಹೆಣ್ಣು ಕುದುರೆ. ಕಪ್ಪು ಮೈಯ ಆ ಕುದುರೆಗೆ ಕಸ್ತೂರಿ ಎಂದು ಹೆಸರು. ಮರಿಯಾಗಿದ್ದಾಗಿನಿಂದ ಅವನೇ ಸಾಕಿದ್ದ. ಕುದುರೆಯ ಮೈ ಉಜ್ಜುವಾಗ ಅವನು ಅದರೊಂದಿಗೆ ಮಾತಾಡುತ್ತಿದ್ದುದನ್ನು ನೋಡಿ, ಹೆಂಡತಿಯ ಜೊತೆಗೂ ಇಷ್ಟು ಮಾತಾಡುವುದಿಲ್ಲ ಎಂದು ಊರವರು ಆಡಿಕೊಳ್ಳುತ್ತಿದ್ದರು. ಹೆಂಡತಿಯೂ ಅದನ್ನೇ ಹೇಳುತ್ತಿದ್ದಳು.

ಆ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಸವಾರಿ ಹಬ್ಬ ನಡೆಯುತ್ತಿತ್ತು. ಸುತ್ತಲಿನ ಊರುಗಳಲ್ಲಿ ಕುದುರೆ ಇದ್ದವರೆಲ್ಲ ಬೆಳಿಗ್ಗೆ ಒಂದೆಡೆ ಸೇರಿ, ಹಳ್ಳ ದಾಟಿ, ದೂರದ ಹುಲ್ಲುಗಾವಲಿಗೆ ಒಟ್ಟಾಗಿ ಹೋಗುತ್ತಿದ್ದರು. ಅದು ಪಂದ್ಯವಲ್ಲ. ಅಲ್ಲಿ ಯಾರೂ ಗೆಲ್ಲುತ್ತಿರಲಿಲ್ಲ. ಎಲ್ಲಕ್ಕಿಂತ ನಿಧಾನದ ಕುದುರೆ ಎಷ್ಟು ನಡೆದೀತೋ ಅಷ್ಟೇ ಎಲ್ಲರ ನಡಿಗೆ. ಹಳ್ಳದಲ್ಲಿ ನೀರು ಕುಡಿಸುವಾಗ ಕೊನೆಯ ಕುದುರೆ ತಲೆಯೆತ್ತುವ ತನಕ ಮೊದಲನೆಯದು ಹೊರಡುವಂತಿರಲಿಲ್ಲ. ಜೊತೆಯವು ಹೋಗುವುದನ್ನು ಕಂಡರೆ ಕುದುರೆ ಬಾಯಾರಿಕೆಯನ್ನೂ ಮರೆತು ಓಡುತ್ತದೆ. ಹೆಂಡ ಕುಡಿದು ಬಂದವನನ್ನು ಕುದುರೆ ಹತ್ತಲು ಬಿಡುತ್ತಿರಲಿಲ್ಲ, ಅವನು ಊರಿನ ಗೌಡನೇ ಆಗಿದ್ದರೂ. ಈ ನಿಯಮಗಳನ್ನು ಯಾವ ಪಂಡಿತನೂ ಹೇಳಿಕೊಟ್ಟದ್ದಲ್ಲ. ಹಿಂದೆ ಬಿದ್ದವರು, ಕಾಲು ಮುರಿದುಕೊಂಡವರು ಕಲಿಸಿ ಹೋದದ್ದು.

ಇನ್ನೂ ಒಂದು ನಿಯಮವಿತ್ತು. ಒದೆಯುವ ಕುದುರೆಯ ಬಾಲಕ್ಕೆ ಕೆಂಪು ಬಟ್ಟೆ ಕಟ್ಟಬೇಕು. ಕಟ್ಟಿದವನು ಸಾಲಿನ ಕೊನೆಗೆ ಹೋಗಬೇಕು. ಹಿಂದಿನವರು ದೂರ ಇರಲಿ ಎಂದು ಆ ಬಟ್ಟೆ. ಹಿಂದೆ ಯಾರೂ ಇಲ್ಲದಿರಲಿ ಎಂದು ಆ ಜಾಗ.

ನಿಯಮ ಒಳ್ಳೆಯದೇ. ಆದರೆ ಜನ ಅದಕ್ಕೊಂದು ಅವಮಾನವನ್ನು ಅಂಟಿಸಿಬಿಟ್ಟಿದ್ದರು. ಕುದುರೆ ಒದೆಯುತ್ತದೆ ಎಂದರೆ ಸಾಕಿದವನಿಗೆ ಸಾಕಲು ಬರುವುದಿಲ್ಲ ಎಂದು ಅರ್ಥ ಮಾಡುತ್ತಿದ್ದರು. ಹೀಗಾಗಿ ಒಬ್ಬ ರೈತ ತೊಳೆದು ತೊಳೆದು ಬಣ್ಣ ಹೋದ ಬಟ್ಟೆ ಕಟ್ಟಿಕೊಂಡು ಬರುತ್ತಿದ್ದ. ಅದು ಕೆಂಪೋ ಬಿಳಿಯೋ ಎಂದು ಹತ್ತಿರ ಹೋಗಿ ನೋಡಬೇಕು. ಹತ್ತಿರ ಹೋದವನು ಒದೆ ತಿನ್ನಬೇಕು. ಇನ್ನೊಬ್ಬ ತನ್ನ ಕುದುರೆಯ ಕೊರಳಿಗೆ, ಕಿವಿಗೆ, ಕಾಲಿಗೆ ಎಲ್ಲ ಕಡೆ ಕೆಂಪು ಗೊಂಡೆ ಕಟ್ಟಿ, ಬಾಲಕ್ಕೂ ಒಂದು ಕಟ್ಟುತ್ತಿದ್ದ. ಕೇಳಿದರೆ, ನಿಯಮ ಪಾಲಿಸಿದ್ದೇನಲ್ಲ ಎನ್ನುತ್ತಿದ್ದ. ಮನುಷ್ಯನ ಜಾಣತನ ಹೀಗೆಯೇ. ನಿಯಮ ಮುರಿಯುವ ಧೈರ್ಯವಿಲ್ಲ, ಪಾಲಿಸುವ ಮನಸ್ಸಿಲ್ಲ.

ಸಾಲಿನ ಮುಂದೆ ನಿಶಾನೆಯ ಬಾವುಟ ಹಿಡಿದ ಸವಾರ ಹೋಗುತ್ತಿದ್ದ. ಅವನ ಬೆನ್ನ ಹಿಂದೆಯೇ ಆ ವರ್ಷ ಮೊದಲ ಸಲ ಕುದುರೆ ಏರಿದವರು. ಹೊಸಬರ ಕುದುರೆಗಳಿಗೆ ಮುಂದಿನ ಕುದುರೆಯೇ ದಾರಿ. ಅವು ಮುಂದಿನದರ ಬಾಲಕ್ಕೆ ಮೂತಿ ತಾಗಿಸಿಕೊಂಡೇ ನಡೆಯುತ್ತವೆ, ಲಗಾಮು ಎಳೆದು ನಿಲ್ಲಿಸಲು ಹೊಸಬರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ನಿಶಾನೆ ಹಿಡಿಯುವ ಮಾನ ಸಿಗುತ್ತಿದ್ದುದು ವೇಗದ ಕುದುರೆಗಲ್ಲ, ನಂಬಿಕೆಯ ಕುದುರೆಗೆ.

ನಮ್ಮ ಸವಾರನ ಅಜ್ಜನಿಗೆ ಆ ಮಾನ ಸಿಕ್ಕಿರಲಿಲ್ಲ. ಅಪ್ಪನಿಗೂ ಸಿಕ್ಕಿರಲಿಲ್ಲ. ಆ ವರ್ಷ ಹಬ್ಬದ ಹಿರಿಯ ಎಲ್ಲರ ಮುಂದೆ ಅವನ ಹೆಸರು ಹೇಳಿದ. ಸವಾರನ ಕಣ್ಣಲ್ಲಿ ನೀರು ಬಂತು. ಬೇರೆ ಊರಿನಲ್ಲಿದ್ದ ನೆಂಟರಿಗೆಲ್ಲ ಅವನು ಹೇಳಿ ಕಳಿಸಿದ. ಹೆಂಡತಿ ಅವನಿಗಾಗಿ ಹೊಸ ರುಮಾಲು ತರಿಸಿದಳು. ತನಗೂ ಕುಪ್ಪಸಕ್ಕೆಂದು ಅಚ್ಚಗೆಂಪು ಕಣದ ಬಟ್ಟೆ ತರಿಸಿಕೊಂಡಳು.

ಹಬ್ಬದ ದಿನ ಬೆಳಿಗ್ಗೆ ಸವಾರ ಕಸ್ತೂರಿಯ ಮೈ ತೊಳೆಯುತ್ತಿದ್ದ. ಪಕ್ಕದ ಮನೆಯ ಕರು ಹಗ್ಗ ಬಿಡಿಸಿಕೊಂಡು ಬಂದು ಕುದುರೆಯ ಹಿಂದೆ ನಿಂತಿತು. ಕಸ್ತೂರಿ ಕಿವಿ ಹಿಂದಕ್ಕೆ ಒತ್ತಿ ಒದೆಯಿತು. ಒದೆ ಕರುವಿಗೆ ತಪ್ಪಿ, ಬಕೆಟ್ಟಿಗೆ ಬಿತ್ತು. ಬಕೆಟ್ಟು ಚಪ್ಪಟೆಯಾಯಿತು.

ಕಸ್ತೂರಿ ಅದುವರೆಗೆ ಯಾರನ್ನೂ ಒದ್ದಿರಲಿಲ್ಲ. ಸವಾರ ಅದರ ಮೈಯೆಲ್ಲ ಸವರಿ ನೋಡಿದ. ಗಾಯವಿಲ್ಲ, ಬಾವಿಲ್ಲ. ಬೆದರಿ ಒದ್ದಿರಬಹುದು ಎಂದುಕೊಂಡ. ಹಾಗೆ ಅಂದುಕೊಂಡು ಅಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಅವನು ಬಿಡಲಿಲ್ಲ. ಒಂದು ಹಳೆಯ ಬುಟ್ಟಿಯನ್ನು ಉದ್ದನೆಯ ಕೋಲಿಗೆ ಕಟ್ಟಿ, ಪಕ್ಕಕ್ಕೆ ನಿಂತು, ಮೆಲ್ಲಗೆ ಕುದುರೆಯ ಹಿಂದೆ ಚಾಚಿದ. ಒಂದೇ ಒದೆಗೆ ಬುಟ್ಟಿ ಕೋಲಿನಿಂದ ಕಿತ್ತು ಗೋಡೆಗೆ ಹೋಗಿ ಬಿತ್ತು. ಕುದುರೆಯನ್ನು ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಲು ಬಿಟ್ಟು, ಬುಟ್ಟಿ ಕಟ್ಟಿ ಮತ್ತೆ ಚಾಚಿದ. ಕಸ್ತೂರಿ ಮತ್ತೆ ಒದೆಯಿತು. ಕುದುರೆಗೆ ಯಾಕೆ ಹಾಗಾಯಿತೋ ಯಾರಿಗೆ ಗೊತ್ತು. ಅವುಗಳ ಮನಸ್ಸಿನಲ್ಲಿ ಏನಿದೆ ಎಂದು ಅವು ನಮಗೆ ಹೇಳುವುದಿಲ್ಲ.

ಸದ್ದು ಕೇಳಿ ಹೆಂಡತಿ ಬಂದಳು. ಬುಟ್ಟಿ ನೋಡಿದಳು, ಗಂಡನ ಮುಖ ನೋಡಿದಳು, ಎಲ್ಲ ತಿಳಿಯಿತು. ಅವಳು ದಡ್ಡಿಯಲ್ಲ.

"ಯಾರೂ ನೋಡಿಲ್ಲ," ಎಂದಳು. "ಮೈಯಾಗ ಜ್ವರ ಬಂದೈತಿ ಅಂತ ಹೇಳಿ ಕಳಸತೀನಿ. ಇವತ್ತೊಂದಿನ ಮನ್ಯಾಗ ಇರ್ರಿ."

"ನಾಳೆ ನೀರಿಗೆ ಹೊಡಕೊಂಡು ಹೋದಾಗ ಇದರ ಹಿಂದ ಯಾರರೆ ಬಂದು ನಿಂತರ?" ಎಂದ ಸವಾರ. "ಅವರಿಗೆ ಯಾವಾಗ ಹೇಳೂನು?"

ಹೆಂಡತಿ ತಿರುಗಿ ದಾರಿಯ ಕಡೆ ನೋಡಿದಳು. ಅವಳಿಗೂ ಸಂಕಟವಾಯಿತು. ನೆಂಟರೆಲ್ಲ ಆಗಲೇ ಬಂದು ದಾರಿಯಲ್ಲಿ ಜಾಗ ಹಿಡಿದು ನಿಂತಿದ್ದರು. ಆಮೇಲೆ ಅವಳು ಒಳಗೆ ಹೋಗಿ, ಇನ್ನೂ ಹೊಲಿಸದ ಆ ಕೆಂಪು ಕಣವನ್ನು ತಂದು ಉದ್ದಕ್ಕೆ ಹರಿದು ಅವನ ಕೈಗೆ ಕೊಟ್ಟಳು. "ಕಟ್ಟೂದಾದರ ಕಾಣುವಂಗ ಕಟ್ರಿ," ಎಂದಳು. ಶೂರರನ್ನು ಎಣಿಸುವಾಗ ಅವಳನ್ನು ಬಿಡಬೇಡ, ನಿಜಗುಣ.

ಸವಾರ ಬಟ್ಟೆ ಕಟ್ಟಿದ. ಕುದುರೆಯನ್ನು ಹತ್ತಲಿಲ್ಲ, ಲಗಾಮು ಹಿಡಿದು ಊರ ಹೊರಗಿನ ದಾರಿಯಲ್ಲಿ ನಡೆಸಿಕೊಂಡು ಹೋದ. ಸವಾರರೆಲ್ಲ ಸೇರಿದ್ದ ಬಯಲಿನ ಅಂಚಿನಲ್ಲಿ ಅದನ್ನು ದೂರ ಕಟ್ಟಿ, ಒಬ್ಬನೇ ಹಿರಿಯನ ಬಳಿ ಬಂದು ನಡೆದದ್ದನ್ನು ಹೇಳಿದ.

ಹಿರಿಯ ಬಹಳ ಕುದುರೆಗಳನ್ನು ಕಂಡವನು. ಸವಾರರನ್ನು ಅದಕ್ಕಿಂತ ಹೆಚ್ಚು ಕಂಡವನು. ಅವನು ಮೆಲ್ಲಗೆ ಕೇಳಿದ, "ಒದ್ದದ್ದು ಯಾರರೆ ನೋಡ್ಯಾರೇನು?"

"ಇಲ್ರಿ."

"ಹಂಗಾದ್ರ ನೀ ಯಾಕ ಹೇಳಾಕ ಬಂದಿ?"

"ನೋಡಿದವರು ಇದ್ದಿದ್ದರ ಅವರ ಬಂದು ಹೇಳತಿದ್ರು," ಎಂದ ಸವಾರ. "ಯಾರೂ ನೋಡಿಲ್ಲ. ಅದಕ್ಕ ನಾನ ಬರಬೇಕಾತು."

 ಹಿರಿಯ ನಿಶಾನೆಯನ್ನು ಒಬ್ಬ ವ್ಯಾಪಾರಿಗೆ ಕೊಟ್ಟ. ವ್ಯಾಪಾರಿಯ ಕುದುರೆಗೆ ವಯಸ್ಸಾಗಿತ್ತು. ಬೆನ್ನ ಮೇಲೆ ಕಾಗೆ ಕೂತರೂ, ವ್ಯಾಪಾರಿ ಕೂತರೂ ಅದಕ್ಕೆ ಒಂದೇ. ವ್ಯಾಪಾರಿ ಮಾತ್ರ ಎದೆ ಸೆಟೆಸಿ, ತಾನೇ ಒಂದು ರಾಜ್ಯ ಗೆದ್ದು ಬಂದವನಂತೆ ಜನರ ಕಡೆಗೆ ನೋಡಿದ.

ಸಾಲು ಹೊರಟಿತು. ಸವಾರ ಎಲ್ಲರಿಗಿಂತ ಹಿಂದೆ, ಇನ್ನೂ ಅಷ್ಟು ದೂರ ಬಿಟ್ಟು ಹೊರಟ. ಹೊಸ ರುಮಾಲು ಧೂಳಿನಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿತು. ದಾರಿಯ ಎರಡೂ ಬದಿ ನಿಂತ ಜನ ಮುಂದೆ ನಿಶಾನೆಯ ಬಳಿ ಅವನನ್ನು ಹುಡುಕಿ, ಕೊನೆಯಲ್ಲಿ ಕಂಡರು. ಕೆಲವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಒಬ್ಬ ನೆಂಟ ಮುಖ ತಿರುಗಿಸಿಕೊಂಡ. ಸವಾರನಿಗೆ ನಾಚಿಕೆಯಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ಬಹಳ ನಾಚಿಕೆಯಾಯಿತು. ಕಿವಿ ಬಿಸಿಯಾಗಿ, ತಲೆ ತಗ್ಗಿಸಿ ಕೂತ. ಆದರೂ ಸಾಲಿನಿಂದ ಹೊರಗೆ ಹೋಗಲಿಲ್ಲ, ಬಟ್ಟೆಯನ್ನೂ ಬಿಚ್ಚಲಿಲ್ಲ. ಬಣ್ಣ ಹೋದ ಬಟ್ಟೆಯ ರೈತ ಮುಂದಿನಿಂದ ಅವನನ್ನು ತಿರುಗಿ ತಿರುಗಿ ನೋಡುತ್ತಿದ್ದ. ಹಳ್ಳ ದಾಟುವ ಹೊತ್ತಿಗೆ ಆ ರೈತ ಯಾರಿಗೂ ಏನೂ ಹೇಳದೆ ಕುದುರೆ ನಿಧಾನಿಸಿ ಹಿಂದಕ್ಕೆ ಬಂದ. ಇಬ್ಬರೂ ದೂರ ದೂರವೇ ನಡೆದರು, ಮಾತಾಡಲಿಲ್ಲ. ಅಂಥ ಎರಡು ಕುದುರೆಗಳ ಮೇಲೆ ಕೂತು ಹತ್ತಿರ ಬಂದು ಮಾತಾಡುವುದು ಒಳ್ಳೆಯದೂ ಅಲ್ಲ.

ಹಳ್ಳದ ಆಚೆ ದಾರಿ ಒಂದು ದಿಬ್ಬ ಹತ್ತಿ, ಇಕ್ಕಟ್ಟಾಗಿ ಇಳಿಜಾರಿನಲ್ಲಿ ಹೋಗುತ್ತಿತ್ತು. ಎರಡು ಕಡೆ ಕಳ್ಳಿ ಬೇಲಿ. ಮೇಲಿನಿಂದ ಸವಾರನಿಗೆ ಇಡೀ ಸಾಲು ಕಾಣುತ್ತಿತ್ತು. ನಿಶಾನೆಯ ಹಿಂದೆ ಹೊಸಬರು, ಅವರಲ್ಲಿ ಎಲ್ಲರಿಗಿಂತ ಮುಂದೆ, ಎರವಲು ತಂದ ಕುದುರೆಯ ಮೇಲೆ, ಒಬ್ಬ ಬಡಗಿಯ ಮಗಳು. ಲಗಾಮನ್ನು ಬಾವಿಯ ಹಗ್ಗ ಹಿಡಿದಂತೆ ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು ಕೂತಿದ್ದಳು.

ಬೇಲಿಯೊಳಗಿಂದ ಗೌಜುಗ ಹಕ್ಕಿಗಳ ಹಿಂಡೊಂದು ಪಟಪಟನೆ ಎದ್ದಿತು. ಅವಳ ಕುದುರೆ ಬೆಚ್ಚಿ ಮುಂದಕ್ಕೆ ನುಗ್ಗಿತು. ಅದರ ತಲೆ ನಿಶಾನೆಯ ಕುದುರೆಯ ಪೃಷ್ಠಕ್ಕೆ ಬಡಿಯಿತು. ಅವಳು ಕುದುರೆಯ ಕೊರಳಿನ ಮೇಲೆ ಮುಗ್ಗರಿಸಿದಳು. ಅವಳ ಮುಖ ಇದ್ದದ್ದು ಮುಂದಿನ ಕುದುರೆಯ ಹಿಂಗಾಲುಗಳ ನೇರಕ್ಕೆ. ಹಿಂದೆ ಸರಿಯಲು ಜಾಗವಿಲ್ಲ, ಪಕ್ಕದಲ್ಲಿ ಕಳ್ಳಿ.

ವ್ಯಾಪಾರಿಯ ಮುದಿ ಕುದುರೆ ಒಮ್ಮೆ ಬಾಲ ಬೀಸಿತು. ನೊಣ ಕೂತರೆ ಬೀಸುವಷ್ಟೇ. ಆಮೇಲೆ ತನ್ನ ಪಾಡಿಗೆ ಮುಂದೆ ನಡೆಯಿತು.

ಹುಡುಗಿ ನೆಟ್ಟಗೆ ಕೂತು ಜಡೆ ಹಿಂದಕ್ಕೆ ಹಾಕಿಕೊಂಡಳು. ಹಿಂದಿನವರು ಯಾರೋ ತಮಾಷೆ ಮಾಡಿದರು, ಅವಳೂ ನಕ್ಕಳು. ವ್ಯಾಪಾರಿ ತಿರುಗಿಯೂ ನೋಡಲಿಲ್ಲ. ಸಾಲು ಮುಂದೆ ಹೋಯಿತು.

ಮೇಲಿನಿಂದ ನೋಡಿದ ಸವಾರ ಒಬ್ಬನೇ ಲಗಾಮು ಎಳೆದು ನಿಂತುಬಿಟ್ಟ.  ಗೋಡೆಗೆ ಹೋಗಿ ಬಿದ್ದ ಬುಟ್ಟಿ ಅವನ ಕಣ್ಣೆದುರಿಗೇ ಇತ್ತು. ಕಸ್ತೂರಿಯ ಕೊರಳಿಗೆ ಹಣೆ ಒತ್ತಿದ. ಆಮೇಲೆ ರುಮಾಲಿನ ಧೂಳು ಕೊಡವಿ, ತಲೆ ಎತ್ತಿ ಕೂತು, ಸಾಲನ್ನು ಹಿಂಬಾಲಿಸಿದ.

ಹುಲ್ಲುಗಾವಲಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿದರು. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ. ವ್ಯಾಪಾರಿ ತಾನು ನಿಶಾನೆ ಹಿಡಿದ ವೈಖರಿಯನ್ನು ಎಲ್ಲರಿಗೂ ವರ್ಣಿಸಿದ. ಬಡಗಿಯ ಮಗಳು ಮನೆಗೆ ಹೋದ ಮೇಲೆ ತನಗೆ ಸ್ವಂತ ಕುದುರೆ ಬೇಕೆಂದು ಹಟ ಹಿಡಿದಳು, ಅಪ್ಪನ ಕೈಲಿ ಬೈಸಿಕೊಂಡಳು, ಹೊಟ್ಟೆ ತುಂಬ ಉಂಡು ಮಲಗಿದಳು.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

 ಗುರುಗಳು ಪಕ್ಕದಲ್ಲಿದ್ದ ತಂಬಿಗೆ ಎತ್ತಿ ನೀರು ಕುಡಿದರು.

"ಆಮೇಲೆ ಅವನಿಗೆ ನಿಶಾನೆ ಸಿಕ್ಕಿತೇ?" ಎಂದು ಶಿಷ್ಯ ಕೇಳಿದ.

"ಇಲ್ಲ. ಕಸ್ತೂರಿಯ ಆ ಗುಣ ಹೋಗಲಿಲ್ಲ. ಅದು ಸಾಯುವ ತನಕ ಅವನು ಕೆಂಪು ಬಟ್ಟೆ ಕಟ್ಟಿಕೊಂಡು ಕೊನೆಯಲ್ಲೇ ಹೋದ."

"ಅವನಿಂದ ತನ್ನ ಜೀವ ಉಳಿಯಿತೆಂದು ಆ ಹುಡುಗಿಗೆ ಯಾರಾದರೂ ಹೇಳಿದರೇ?"

"ಇಲ್ಲ. ಅವನೂ ಹೇಳಲಿಲ್ಲ. ಅವಳಿಗೆ ಮೊಮ್ಮಕ್ಕಳಾದರು. ಅವಳಿಗೆ ಆ ಸವಾರನ ಹೆಸರೂ ಗೊತ್ತಿಲ್ಲ."

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಗುರುಗಳೇ, ನಾನು ಕೇಳಿದ್ದು ಎಲ್ಲರಿಗಿಂತ ದೊಡ್ಡ ಶೂರನ ಕತೆ. ಈ ಕತೆಯಲ್ಲಿ ಅಂದು ಏನೂ ಆಗಲೇ ಇಲ್ಲವಲ್ಲ."

"ಹೌದಪ್ಪ," ಎಂದರು ಗುರುಗಳು, "ಅದನ್ನೇ ಅವನು ಮಾಡಿದ್ದು."